ಬಸಾಲ್ಟ್ ಗಾಜಿನಲ್ಲಿ ಪ್ಲೂಮ್ ಕಂಡಿತಾ? ಮೊದಲು ಇಷ್ಟು ನೋಡಿ

ಕಡಲಡಿಯ ರಿಡ್ಜ್‌ನಿಂದ, ಅಂದರೆ ಹೊಸ ಲಾವಾ ಉಕ್ಕುವ ಬೆಟ್ಟಸಾಲಿನಿಂದ ತಂದ ಬಸಾಲ್ಟ್ ಗಾಜನ್ನು ಪುಡಿ ಮಾಡಿ, ಒಳಗಿನ ಹೀಲಿಯಂ ಅಳೆದು, ಪರದೆ ಮೇಲೆ 14 ಆರ್‌ಎ (ಗಾಳಿಯ ಹೀಲಿಯಂ-3/ಹೀಲಿಯಂ-4 ಅನುಪಾತದ 14 ಪಟ್ಟು) ಅಂತ ಬಂದ ದಿನ ಕೈ ಸ್ವಲ್ಪ ನಡುಗುತ್ತದೆ. ಆ ಖುಷಿ ನನಗೆ ಗೊತ್ತು. ಮೂರು ದಿನ ಬಿಟ್ಟು ಅದೆಲ್ಲ ಹೈಡ್ರೋಜನ್ ಮಾಡಿದ ಕೆಲಸ ಅಂತ ತಿಳಿದಾಗ ಆದ ಸಂಕಟವೂ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಂಖ್ಯೆ ವಿಚಿತ್ರವಾಗಿ ಬಂದಾಗ ಎಲ್ಲಿಂದ ಹುಡುಕಲು ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಇದರಲ್ಲಿದೆ.

ಲೆಕ್ಕ ತಪ್ಪಬಾರದು ಅಂತ ಕೆಲವು ಸಂಖ್ಯೆಗಳನ್ನು ಮೊದಲೇ ಹೇಳಿಬಿಡುತ್ತೇನೆ. ಗಾಳಿಯಲ್ಲಿ ಹತ್ತು ಲಕ್ಷ ಹೀಲಿಯಂ-4 ಪರಮಾಣುಗಳಿಗೆ ಸುಮಾರು 1.4 ಹೀಲಿಯಂ-3 ಇರುತ್ತದೆ. ಅದೇ 1 ಆರ್‌ಎ. ಸಾಮಾನ್ಯ ರಿಡ್ಜ್ ಬಸಾಲ್ಟ್, ಅಂದರೆ ನಾವು ಮಾರ್ಬ್ ಅನ್ನೋದು, 8 ಆರ್‌ಎ ಆಸುಪಾಸು, ಒಂದು ಹೆಚ್ಚು ಒಂದು ಕಮ್ಮಿ. ಹವಾಯಿಯ ಲೋಯಿಹಿ ಅನ್ನೋ ಕಡಲಡಿಯ ಜ್ವಾಲಾಮುಖಿಯಲ್ಲಿ 30 ದಾಟುತ್ತದೆ, ಐಸ್‌ಲ್ಯಾಂಡಿನ ವಾಯವ್ಯದಲ್ಲಿ 37ರವರೆಗೆ, ಕೆನಡಾದ ಬ್ಯಾಫಿನ್ ದ್ವೀಪದ ಲಾವಾದಲ್ಲಿ 50ಕ್ಕೂ ಹೋಗಿದೆ. ಈ ಜಾಸ್ತಿ ಹೀಲಿಯಂ-3 ಭೂಮಿ ಹುಟ್ಟಿದಾಗಿನಿಂದ ಆಳದಲ್ಲಿ ಉಳಿದುಕೊಂಡಿದ್ದು, ಅದನ್ನು ಪ್ಲೂಮ್, ಅಂದರೆ ಭೂಮಿಯ ಆಳದಿಂದ ಏಳುವ ಬಿಸಿ ಕಲ್ಲಿನ ಕಂಬ, ಮೇಲೆ ತರುತ್ತದೆ ಅನ್ನೋದು ನಮ್ಮ ಇಡೀ ವಾದದ ಬುಡ. ಬುಡ ಗಟ್ಟಿಯಿರಬೇಕು ಅಲ್ವಾ?

ಯಾವ ಲಕ್ಷಣವೇ ಇರಲಿ, ಮೊದಲ ಅರ್ಧ ದಿನ

ಇದಕ್ಕೆ ಖರ್ಚಿಲ್ಲ, ಮಾದರಿಯೂ ಹೋಗೋದಿಲ್ಲ. ಮಾದರಿ ಹಾಕದೆ, ಉಳಿದದ್ದೆಲ್ಲ ಹಾಗೇ ಇಟ್ಟು ಒಂದು ಖಾಲಿ ಓಟ ಮಾಡಿ, ಅಂದರೆ ಬ್ಲ್ಯಾಂಕ್. ಕ್ರಷರ್ ಕೂಡ ಅಷ್ಟೇ ಸಲ ಬಡಿಯಬೇಕು. ಸುಮ್ನೆ ಕವಾಟ ತೆರೆದು ಮುಚ್ಚಿದ್ದು ಬ್ಲ್ಯಾಂಕ್ ಅಲ್ಲ, ಏಕೆಂದರೆ ಲೋಹಕ್ಕೆ ಲೋಹ ತಿಕ್ಕಿದಾಗಲೂ ಅನಿಲ ಬಿಡುತ್ತದೆ.

ಆಮೇಲೆ ಸ್ಟ್ಯಾಂಡರ್ಡ್, ಅಂದರೆ ಅನುಪಾತ ಮೊದಲೇ ಗೊತ್ತಿರುವ ಅನಿಲ, ಹಾಕಿ. ಎರಡು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ಅಂತ ಒತ್ತಿ ಹೇಳುತ್ತೇನೆ. ಒಳಗೆ ಅನಿಲ ಎಷ್ಟಿದೆ ಅನ್ನೋದರ ಮೇಲೆ ಮಾಸ್ ಸ್ಪೆಕ್ಟ್ರೋಮೀಟರಿನ (ಪರಮಾಣುಗಳನ್ನು ದ್ರವ್ಯರಾಶಿಯ ಪ್ರಕಾರ ಬೇರೆ ಮಾಡಿ ಅಳೆಯುವ ಯಂತ್ರದ) ಸೂಕ್ಷ್ಮತೆ ಬದಲಾಗುತ್ತದೆ. ಮಾದರಿ ದೊಡ್ಡದು, ಸ್ಟ್ಯಾಂಡರ್ಡ್ ಚಿಕ್ಕದು ಆದರೆ ಅನುಪಾತ ತಾನಾಗಿ ಜಾರುತ್ತದೆ. ಹೀಲಿಯಂಗೆ ಬರೀ ಗಾಳಿಯ ಸ್ಟ್ಯಾಂಡರ್ಡ್ ನೆಚ್ಚಿಕೊಳ್ಳಬೇಡಿ, ಅದರಲ್ಲಿ ಹೀಲಿಯಂ-3 ತೀರಾ ಕಮ್ಮಿ. 20.6 ಆರ್‌ಎ ಇರುವ ಜಪಾನಿನ ಹೀಲಿಯಂ ಸ್ಟ್ಯಾಂಡರ್ಡ್ ತರಹದ್ದು ಒಂದಿದ್ದರೆ 8 ಮತ್ತು 14ರ ನಡುವಿನ ವ್ಯತ್ಯಾಸವನ್ನು ಧೈರ್ಯವಾಗಿ ಹೇಳಬಹುದು.

ಇವೆರಡೂ ಸರಿ ಬಂದರೆ ಮಾತ್ರ ಮುಂದೆ ಓದಿ.

ಲಕ್ಷಣ: ನಿಯಾನ್, ಆರ್ಗಾನ್ ಎರಡೂ ಗಾಳಿಯ ಹಾಗೇ ಬರುತ್ತಿವೆ, ಹೀಲಿಯಂ ಮಾತ್ರ ಚೆನ್ನಾಗಿದೆ

ಎಲ್ಲರಿಗೂ ಬರುವ ತೊಂದರೆ ಇದು. ನಿಯಾನ್-20/ನಿಯಾನ್-22 ಹತ್ತಿರ ಹತ್ತಿರ 9.8, ಆರ್ಗಾನ್-40/ಆರ್ಗಾನ್-36 ಮುನ್ನೂರು ಚಿಲ್ಲರೆ. ಗಾಳಿಯ ಬೆಲೆಗಳೂ ಇವೇ: 9.8 ಮತ್ತು 298.6. ಹೀಲಿಯಂ ನೋಡಿದರೆ ಎಂಟೂವರೆ, ಒಂಬತ್ತು.

ಹೀಗೇಕೆ ಅಂದರೆ ಗಾಳಿಯಲ್ಲಿ ಹೀಲಿಯಂ ಇರೋದೇ ಹತ್ತು ಲಕ್ಷದಲ್ಲಿ 5.24 ಭಾಗ. ಆರ್ಗಾನ್ ಶೇಕಡಾ 0.93. ಒಂದು ಉದಾಹರಣೆ ಲೆಕ್ಕ ಹಾಕಿ. ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದಾದ, ಬದಿಗೆ 0.2 ಮಿಲಿಮೀಟರ್ ಇರುವ ಒಂದು ಗಾಳಿ ಗುಳ್ಳೆ ಒಂದು ಗ್ರಾಂ ಗಾಜಿನ ಬಿರುಕಿನಲ್ಲಿ ಸಿಕ್ಕಿಕೊಂಡಿದೆ ಅಂತಿಟ್ಟುಕೊಳ್ಳಿ. ಅದರಲ್ಲಿರುವ ಹೀಲಿಯಂ, ಗಾಜಿನದೇ ಹೀಲಿಯಂ ಮುಂದೆ ಲೆಕ್ಕಕ್ಕೇ ಬರೋದಿಲ್ಲ. ಆದರೆ ಅದರಲ್ಲಿರುವ ಆರ್ಗಾನ್-36, ಸಾಮಾನ್ಯ ಮಾರ್ಬ್‌ನಲ್ಲಿರುವ ಮ್ಯಾಂಟಲ್ (ಭೂಮಿಯ ಚಿಪ್ಪಿನ ಕೆಳಗಿನ ಪದರ) ಆರ್ಗಾನ್-36 ಅನ್ನು ಪೂರ್ತಿ ಮುಚ್ಚಿಹಾಕಲು ಸಾಕು. ಹಾಗಾಗಿ ಹೀಲಿಯಂ ಚೆನ್ನಾಗಿದೆ, ಗಾಳಿ ಸೇರಿಲ್ಲ ಅನ್ನೋ ವಾದ ನಿಲ್ಲೋದಿಲ್ಲ.

ಮಧ್ಯ ಅಟ್ಲಾಂಟಿಕ್ ರಿಡ್ಜ್‌ನ 14 ಡಿಗ್ರಿ ಉತ್ತರದಲ್ಲಿ ಸಿಕ್ಕ ಪ್ರಸಿದ್ಧ ಪಾಪಿಂಗ್ ರಾಕ್ ಗೊತ್ತಿರಬಹುದು. ಕಡಲಿನ ಒತ್ತಡ ಬಿಟ್ಟು ಹಡಗಿನ ಡೆಕ್ ಮೇಲೆ ಬಂದಾಗ ಒಳಗಿನ ಅನಿಲಕ್ಕೆ ಪಟಪಟ ಸಿಡಿಯುವ ಕಲ್ಲು. ಅದರ ಒಳ ಗುಳ್ಳೆಗಳಲ್ಲಿ ಆರ್ಗಾನ್ ಅನುಪಾತ ಸುಮಾರು 28,000ದವರೆಗೆ ಅಳೆದಿದ್ದಾರೆ. ಈಗ ಅಂಥ ಆರ್ಗಾನ್‌ಗೆ ಗಾಳಿ ಬೆರೆಸುತ್ತಾ ಹೋಗಿ. ಆರ್ಗಾನ್-36ರಲ್ಲಿ ಅರ್ಧ ಗಾಳಿಯದಾದರೆ ಅನುಪಾತ 14,000ಕ್ಕೆ ಇಳಿಯುತ್ತದೆ. ಶೇಕಡಾ 90 ಆದರೆ 3,000. ಶೇಕಡಾ 99 ಆದರೆ 580ರ ಹತ್ತಿರ. ಆದರೂ ಆ 580ರಲ್ಲಿ ಆರ್ಗಾನ್-40ರ ಅರ್ಧ ಭಾಗ ಮ್ಯಾಂಟಲ್‌ನದೇ! ಅದಕ್ಕೇ ಕಮ್ಮಿ ಸಂಖ್ಯೆ ನೋಡಿ ಮಾದರಿಯನ್ನು ಎಸೆಯಬೇಡಿ, ಮ್ಯಾಂಟಲ್‌ನಲ್ಲೇ ಅನುಪಾತ ಕಮ್ಮಿ ಇತ್ತು ಅಂತ ಬರೆಯಲೂಬೇಡಿ.

ನೋಡಬೇಕಾದ ಕ್ರಮ ಹೀಗೆ.

ಮೊದಲು ಕಣ್ಣಿಗೆ ಕೆಲಸ ಕೊಡಿ. ಗಾಜಿನ ಚೂರುಗಳನ್ನು ಬೈನಾಕ್ಯುಲರ್ ಸೂಕ್ಷ್ಮದರ್ಶಕದ ಕೆಳಗೆ ಹರಡಿ. ಒಳ್ಳೆಯ ಗಾಜು ಕಪ್ಪಗೆ, ಒಡೆದ ಬಳೆಯ ಅಂಚಿನ ಹಾಗೆ ಮಿಂಚುತ್ತದೆ, ತೆಳು ಅಂಚು ಜೇನಿನ ಕಂದು ಬಣ್ಣ. ಹಳದಿ ಅಥವಾ ಕಿತ್ತಳೆ ಪೊರೆ ಕಂಡರೆ ಅದು ಪಾಲಗೊನೈಟ್, ನೀರು ಹತ್ತಿ ಕೆಟ್ಟ ಗಾಜು, ಕಡಲ ನೀರಿನಲ್ಲಿ ಕರಗಿದ್ದ ಗಾಳಿಯನ್ನು ಹೊತ್ತುಕೊಂಡೇ ಬಂದಿರುತ್ತದೆ. ಚಿಮಟದಲ್ಲಿ ಒಂದೊಂದೇ ಚೂರು ಎತ್ತಿ ತಿರುಗಿಸಿ ನೋಡಿ. ಬಿರುಕಿನ ಒಳಗೆ ಬಿಳಿ ಗೆರೆ ಇದ್ದರೂ ಪಕ್ಕಕ್ಕಿಡಿ. ಒಂದು ಗ್ರಾಂ ಆರಿಸಲು ಎರಡು ಮೂರು ಗಂಟೆ ಹಿಡಿಯುತ್ತದೆ, ಕುತ್ತಿಗೆ ನೋಯುತ್ತದೆ, ಆದರೂ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ.

ಆಮೇಲೆ ತೊಳೆಯೋದು: ಅಸಿಟೋನ್, ನಂತರ ಎಥನಾಲ್, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ. ಹತ್ತಿರ ಬೆಂಕಿ, ಬಿಸಿ ಒಲೆ ಇರಬಾರದು, ಕಿಟಕಿ ತೆರೆದಿರಲಿ. ಪೊರೆ ಹೋಗದಿದ್ದರೆ ಸಾರ ಕಮ್ಮಿಯಿರುವ ನೈಟ್ರಿಕ್ ಆಮ್ಲ ಸಾಕು. ಹೈಡ್ರೋಫ್ಲೋರಿಕ್ ಆಮ್ಲ ಇದಕ್ಕೆ ಬೇಡವೇ ಬೇಡ. ತರಬೇತಿ ಇಲ್ಲದವರು ಅದರ ಬಾಟಲಿಯನ್ನೂ ಮುಟ್ಟಬಾರದು.

ಮೂರನೆಯದು, ಲೈನಿಗೆ, ಅಂದರೆ ಅನಿಲ ಹಾಯುವ ನಿರ್ವಾತ ಕೊಳವೆಗಳಿಗೆ, ಹಾಕಿದ ಮೇಲೆ ರಾತ್ರಿಯೆಲ್ಲ ನಿರ್ವಾತದಲ್ಲಿ ನೂರು ಡಿಗ್ರಿ ಚಿಲ್ಲರೆಗೆ ಬಿಸಿ ಮಾಡಿ. ಮೇಲ್ಮೈಗೆ ಅಂಟಿದ ಗಾಳಿ ಹೋಗುತ್ತದೆ. ಗಾಜನ್ನು ತೀರಾ ಬಿಸಿ ಮಾಡಬೇಡಿ, ಹೀಲಿಯಂ ನಿಧಾನವಾಗಿ ಹೊರಗೆ ಜಾರುತ್ತದೆ.

ನಾಲ್ಕನೆಯದು, ಒಂದೇ ಸಲ ಜೋರಾಗಿ ಪುಡಿ ಮಾಡಬೇಡಿ. ಹಂತ ಹಂತವಾಗಿ ಮಾಡಿ: ಐದು ಬಡಿತ, ಅಳತೆ, ಮತ್ತೆ ಹತ್ತು ಬಡಿತ, ಅಳತೆ. ಮೊದಲ ಹಂತ ಗಾಳಿಯಂತಿದ್ದು ಮುಂದಿನದರಲ್ಲಿ ನಿಯಾನ್-20/ನಿಯಾನ್-22 ಮೇಲೇರಿದರೆ, 10.5, 11.4, 11.9 ಹೀಗೆ, ನಿಮ್ಮ ಗಾಳಿ ಬಿರುಕುಗಳಲ್ಲಿ ಇತ್ತು, ಗುಳ್ಳೆಗಳು ಶುದ್ಧವಾಗಿವೆ ಅಂತ ಅರ್ಥ. ಎಲ್ಲ ಹಂತವೂ ಒಂದೇ ತರಹ 9.9 ಬಂದರೆ ಲೈನಿನ ಸೋರಿಕೆ ಅಥವಾ ಕ್ರಷರಿನ ಬ್ಲ್ಯಾಂಕ್ ಮೇಲೆ ಅನುಮಾನ ಪಡಿ.

ಸೋರಿಕೆ ಹುಡುಕುವಾಗ ಒಂದು ಮಾತು. ಜೋಡಣೆಗಳ ಮೇಲೆ ಹೀಲಿಯಂ ಊದಿ ಹುಡುಕೋದು ಬೇರೆ ನಿರ್ವಾತ ಯಂತ್ರಗಳಿಗೆ ಸರಿ. ಇಲ್ಲಿ ನಾವು ಅಳೆಯೋದೇ ಹೀಲಿಯಂ, ಅದು ಲೈನಿಗೆ ಹೊಕ್ಕರೆ ದಿನಗಟ್ಟಲೆ ಕಾಡುತ್ತದೆ. ಪಂಪಿನ ಕವಾಟ ಮುಚ್ಚಿ ದ್ರವ್ಯರಾಶಿ 40 ಮತ್ತು 28 ಹೇಗೆ ಏರುತ್ತವೆ ಅಂತ ಹತ್ತು ನಿಮಿಷ ನೋಡಿ. ಲೈನನ್ನು ತುಂಡು ತುಂಡಾಗಿ ಬೇರೆ ಮಾಡುತ್ತಾ ಬಂದರೆ ಯಾವ ತುಂಡಿನಲ್ಲಿ ಅಂತ ತಾನೇ ಗೊತ್ತಾಗುತ್ತದೆ. ಪಕ್ಕದ ಕೋಣೆಯಲ್ಲಿ ದ್ರವ ಹೀಲಿಯಂ ಬಳಸುವ ಯಂತ್ರ ಇದ್ದರೆ ಕೋಣೆಯ ಗಾಳಿಯೇ ಬದಲಾಗಿರುತ್ತದೆ, ಅದನ್ನೂ ನೆನಪಿಡಿ.

ಲಕ್ಷಣ: ಹೀಲಿಯಂ-3 ಶಿಖರ ಓಡಾಡುತ್ತಿದೆ, ಬ್ಲ್ಯಾಂಕಿನಲ್ಲೂ ಕಾಣುತ್ತಿದೆ

ಶುರುವಿನಲ್ಲಿ ಹೇಳಿದ ನನ್ನ 14 ಆರ್‌ಎ ಇದೇ. 0.1 ಗ್ರಾಂ ಒಳ್ಳೆಯ ಗಾಜಿನಲ್ಲಿ ಹೀಲಿಯಂ-3 ಪರಮಾಣುಗಳು ಸುಮಾರು 30 ಕೋಟಿ ಇರುತ್ತವೆ. ಕೇಳಲು ದೊಡ್ಡದು, ಯಂತ್ರಕ್ಕೆ ಬಹಳ ಸಣ್ಣದು. ಅದೇ ದ್ರವ್ಯರಾಶಿ 3ರಲ್ಲಿ ಹೈಡ್ರೋಜನ್-ಡ್ಯೂಟೀರಿಯಂ ಅಣು ಕೂಡ ಕೂರುತ್ತದೆ. ಒಂದು 3.016, ಇನ್ನೊಂದು 3.022. ಎರಡನ್ನೂ ಬಿಡಿಸಿ ನೋಡಲು ಸುಮಾರು 600 ರೆಸಲ್ಯೂಷನ್ (ಹತ್ತಿರದ ದ್ರವ್ಯರಾಶಿಗಳನ್ನು ಬಿಡಿಸುವ ಶಕ್ತಿ) ಬೇಕು.

ಹೈಡ್ರೋಜನ್ ಎಷ್ಟಿದೆ ಅಂತ ದ್ರವ್ಯರಾಶಿ 2ರಲ್ಲಿ ನೋಡಿ. ಹೆಚ್ಚಿದ್ದರೆ ಗೆಟರ್ (ಬೇಡದ ಅನಿಲ ಹೀರುವ ಲೋಹ) ದಣಿದಿದೆ ಅಥವಾ ಯಂತ್ರವನ್ನು ಸರಿಯಾಗಿ ಬೇಕ್ ಮಾಡಿಲ್ಲ. ಕೋಣೆಯ ಉಷ್ಣತೆಯಲ್ಲಿ ಕೂರುವ ಗೆಟರ್ ಹೈಡ್ರೋಜನ್ ನುಂಗುತ್ತದೆ, ಅದನ್ನು ಮತ್ತೆ ಚುರುಕು ಮಾಡಿದರೆ ಅರ್ಧ ಸಮಸ್ಯೆ ಮುಗಿಯಿತು. ಆಮೇಲೆ ಶಿಖರವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸ್ಕ್ಯಾನ್ ಮಾಡಿ. ಎರಡು ಮೆಟ್ಟಿಲು ಕಾಣಬೇಕು. ಮೆಟ್ಟಿಲ ಅಂಚಿನ ಮೇಲೆ ಕೂತು ಅಳೆಯುತ್ತಿದ್ದರೆ ಕಾಂತಕ್ಷೇತ್ರ ಕೂದಲೆಳೆಯಷ್ಟು ಸರಿದರೂ ಹೈಡ್ರೋಜನ್ ಒಳಗೆ ಬರುತ್ತದೆ. ನನಗೆ ಆಗಿದ್ದು ಅದೇ. ಬೆಳಿಗ್ಗೆ ಸರಿಯಿದ್ದದ್ದು, ಮಧ್ಯಾಹ್ನ ಕೋಣೆ ಬಿಸಿಯಾಗುತ್ತಿದ್ದಂತೆ ಸರಿದುಬಿಟ್ಟಿತ್ತು.

ಎಚ್ಚರಿಕೆ: ಬಿಸಿ ಗೆಟರ್‌ಗೆ ಯಾವ ಕಾರಣಕ್ಕೂ ಗಾಳಿ ಬಿಡಬೇಡಿ. ಟೈಟೇನಿಯಂ, ಜಿರ್ಕೋನಿಯಂ ಬಿಸಿಯಲ್ಲಿ ಗಾಳಿ ತಗುಲಿದರೆ ಹೊತ್ತಿಕೊಳ್ಳಬಹುದು. ಪೂರ್ತಿ ತಣ್ಣಗಾದ ಮೇಲೆಯೇ ತೆರೆಯಿರಿ. ಯಂತ್ರದ ಮೂಲ ಭಾಗದಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಅದರ ಮುಚ್ಚಳ ತೆಗೆಯೋದು ನಿಮ್ಮ ಕೆಲಸ ಅಲ್ಲ. ತಂತ್ರಜ್ಞರನ್ನು ಕರೆಯಿರಿ.

ಲಕ್ಷಣ: ನಿಯಾನ್-20/ನಿಯಾನ್-22 ತುಂಬಾ ಮೇಲೆ, ಇಲ್ಲವೇ ಗಾಳಿಗಿಂತ ಕೆಳಗೆ

ಸೌರ ಮಾರುತದ ನಿಯಾನ್ 13.8. ಮ್ಯಾಂಟಲ್‌ನಿಂದ ಅದಕ್ಕಿಂತ ಮೇಲೆ ಬಂದರೆ ನಂಬಬೇಡಿ. ಎರಡು ಚಾರ್ಜ್ ಹೊತ್ತ ಆರ್ಗಾನ್-40 ದ್ರವ್ಯರಾಶಿ 20ರಲ್ಲಿ ಕೂತು ಅನುಪಾತವನ್ನು ಏರಿಸುತ್ತದೆ. ಎರಡು ಚಾರ್ಜ್ ಹೊತ್ತ ಕಾರ್ಬನ್ ಡೈಆಕ್ಸೈಡ್ 22ರಲ್ಲಿ ಕೂತು ಇಳಿಸುತ್ತದೆ. ಮೊದಲನೆಯದನ್ನು ಬಿಡಿಸಲು ರೆಸಲ್ಯೂಷನ್ 1,800ರ ಹತ್ತಿರ ಬೇಕು, ಎರಡನೆಯದಕ್ಕೆ 6,000ಕ್ಕೂ ಮೇಲೆ. ಹೆಚ್ಚಿನ ಯಂತ್ರಗಳಲ್ಲಿ ಎರಡನೆಯದು ಆಗೋದಿಲ್ಲ, 44 ಅಳೆದು ಲೆಕ್ಕದಲ್ಲಿ ಕಳೆಯಬೇಕು.

ಅಗ್ಗದ ಪರೀಕ್ಷೆ: ದ್ರವ ನೈಟ್ರೋಜನ್ ಪಾತ್ರೆಯ ಮಟ್ಟ ನೋಡಿ. ನಿಜವಾಗಿಯೂ ಅಷ್ಟೇ. -196 ಡಿಗ್ರಿಯಲ್ಲಿ, ಆ ಪಾತ್ರೆಯಲ್ಲಿ ತಂಪಾಗಿರುವ ಲೈನಿನ ಇದ್ದಿಲು ಆರ್ಗಾನ್ ಹಿಡಿದಿಟ್ಟುಕೊಳ್ಳುತ್ತದೆ, ನಿಯಾನ್ ಬಿಡುತ್ತದೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮಟ್ಟ ನಾಲ್ಕು ಬೆರಳು ಇಳಿದಿರುತ್ತದೆ, ಇದ್ದಿಲಿನ ಮೇಲ್ಭಾಗ ಬಿಸಿಯಾಗಿ ಆರ್ಗಾನ್ ಹೊರಬರುತ್ತದೆ. 40 ಮತ್ತು 44 ಎರಡನ್ನೂ ನಿಯಾನ್ ಜೊತೆಯಲ್ಲೇ ಪ್ರತಿ ಸುತ್ತಿನಲ್ಲೂ ಅಳೆಯೋದನ್ನು ರೂಢಿ ಮಾಡಿಕೊಳ್ಳಿ.

ದ್ರವ ನೈಟ್ರೋಜನ್ ಬಗ್ಗೆ ಹೇಳಲೇಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಆವಿಯಾದರೆ ಆಮ್ಲಜನಕ ಕಮ್ಮಿಯಾಗುತ್ತದೆ, ತಲೆ ಸುತ್ತುವ ಮುಂಚೆ ಯಾವ ಸೂಚನೆಯೂ ಸಿಗೋದಿಲ್ಲ. ಆಮ್ಲಜನಕದ ಅಲಾರಂ ಹೊಡೆದರೆ ಮಾದರಿ ಅರ್ಧದಲ್ಲಿದ್ದರೂ ಬಿಟ್ಟು ಹೊರಗೆ ಬನ್ನಿ. ಒಬ್ಬರೇ ರಾತ್ರಿ ಹೊತ್ತು ತುಂಬಬೇಡಿ.

ಲಕ್ಷಣ: ಹೀಲಿಯಂ 8 ಆರ್‌ಎ ಬರಬೇಕಾದ ಕಡೆ 5, 6 ಬರುತ್ತಿದೆ

ಪುಡಿ ಮಾಡಿ ಅಳೆದಿರೋ, ಕರಗಿಸಿ ಅಳೆದಿರೋ? ಮೊದಲ ಪ್ರಶ್ನೆ ಅದು. ಪುಡಿ ಮಾಡಿದರೆ ಗುಳ್ಳೆಯ ಅನಿಲ ಬರುತ್ತದೆ. ಕರಗಿಸಿದರೆ ಗಾಜಿನ ಒಳಗೆ ಯುರೇನಿಯಂ, ಥೋರಿಯಂ ಒಡೆದು ಹುಟ್ಟಿದ ಹೀಲಿಯಂ-4 ಕೂಡ ಸೇರುತ್ತದೆ.

ಲೆಕ್ಕ ಸುಲಭ. ಹತ್ತು ಲಕ್ಷದಲ್ಲಿ 0.1 ಭಾಗ ಯುರೇನಿಯಂ, ಅದರ ಮೂರು ಪಟ್ಟು ಥೋರಿಯಂ ಇರುವ ಗಾಜಿನಲ್ಲಿ ಒಂದು ಗ್ರಾಂಗೆ ಹತ್ತು ಲಕ್ಷ ವರ್ಷದಲ್ಲಿ ಹುಟ್ಟುವ ಹೀಲಿಯಂ ಒಂದು ಸಿಸಿಯನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಸುಮಾರು 20 ಭಾಗ. ಒಳ್ಳೆಯ ಗಾಜಿನಲ್ಲಿರೋದು ಅದೇ ಅಳತೆಯಲ್ಲಿ 10,000 ಭಾಗ. ಹಾಗಾಗಿ ತಾಜಾ ಗಾಜಿಗೆ ತೊಂದರೆಯಿಲ್ಲ. ಆದರೆ ಅನಿಲ ಕಳೆದುಕೊಂಡು 50, 100 ಭಾಗ ಉಳಿದಿರುವ ಗಾಜಿಗೆ ಇದು ದೊಡ್ಡ ಪೆಟ್ಟು.

ನಮ್ಮ ಕಡೆಯವರು ಕೇಳುತ್ತಾರೆ, ಬೀದರ್, ಬೆಳಗಾವಿಯ ಕಪ್ಪು ಕಲ್ಲಿನಲ್ಲಿ ಇದನ್ನು ನೋಡಬಹುದಾ ಅಂತ. ಆ ಕಲ್ಲು ಡೆಕ್ಕನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷ ಹಳೆಯದು, ಇವತ್ತು ರಿಯೂನಿಯನ್ ದ್ವೀಪದ ಕೆಳಗಿರುವ ಪ್ಲೂಮ್‌ಗೆ ಅದನ್ನು ಜೋಡಿಸುತ್ತಾರೆ. ಅಷ್ಟು ವರ್ಷದಲ್ಲಿ ಹುಟ್ಟಿದ ಹೀಲಿಯಂ-4 ಇಡೀ ಕಲ್ಲಿನ ಅಳತೆಯನ್ನು ನುಂಗಿಬಿಡುತ್ತದೆ, ಜೊತೆಗೆ ನೆಲದ ಮೇಲೆ ಹರಿದ ಲಾವಾ ಅನಿಲವನ್ನು ಅಲ್ಲೇ ಬಿಟ್ಟಿರುತ್ತದೆ. ಅದಕ್ಕೇ ಹರಳುಗಳನ್ನು ಆರಿಸಿ ನೋಡಬೇಕು. ರಾಜಸ್ಥಾನದ ಮುಂಡ್ವಾರಾ, ಸರ್ನು-ದಂಡಾಲಿಯ ಸಂಬಂಧಿ ಕಲ್ಲುಗಳ ಹರಳಿನಲ್ಲಿ ಸುಮಾರು 14 ಆರ್‌ಎ ಸಿಕ್ಕಿದ್ದು 1993ರಲ್ಲಿ ಪ್ರಕಟವಾಯಿತು.

ಪುಡಿ ಮಾಡಿಯೂ 5, 6 ಬಂದರೆ? ಗಾಜು ತಾಜಾ, ಅನಿಲವೂ ಧಾರಾಳ ಇದ್ದರೆ ಅದು ನಿಜವಿರಬಹುದು. ಸೇಂಟ್ ಹೆಲೆನಾ, ಮಂಗಾಯಾ ತರಹದ ದ್ವೀಪಗಳು 5ರಿಂದ 7ರಲ್ಲೇ ಇವೆ, ಅವಕ್ಕೂ ಪ್ಲೂಮ್ ಇದೆ ಅಂತಲೇ ಬಹಳ ಜನ ಒಪ್ಪುತ್ತಾರೆ. ಹಳೆಯ ಕಡಲಡಿಯ ಕಲ್ಲು ಮತ್ತೆ ಕೆಳಗೆ ಹೋಗಿ ಸುತ್ತಿ ಬಂದ ಗುರುತು ಅದು. ಕಮ್ಮಿ ಬಂತು, ಹಾಗಾಗಿ ಪ್ಲೂಮ್ ಇಲ್ಲ ಅನ್ನೋ ವಾಕ್ಯವನ್ನು ನಾನು ಯಾರ ಕರಡಿನಲ್ಲಿ ಕಂಡರೂ ಹೊಡೆದುಹಾಕುತ್ತೇನೆ.

ಲಕ್ಷಣ: ಹೀಲಿಯಂ ಸಂಖ್ಯೆ ನಂಬಲಾರದಷ್ಟು ಮೇಲಿದೆ

ಮಾದರಿ ಎಲ್ಲಿಂದ ಬಂತು? ಆಳ ಕಡಲಿನಿಂದ ಎತ್ತಿದ್ದರೆ ಮುಂದಿನ ಪ್ಯಾರಾ ಬಿಡಿ.

ನೆಲದ ಮೇಲೆ ತೆರೆದು ಬಿದ್ದ ಕಲ್ಲಿನಲ್ಲಿ ಬಾಹ್ಯಾಕಾಶದ ಕಿರಣಗಳು ಹೀಲಿಯಂ-3 ಹುಟ್ಟಿಸುತ್ತವೆ. ಧ್ರುವಗಳ ಕಡೆ, ಸಮುದ್ರ ಮಟ್ಟದಲ್ಲಿ, ಒಂದು ಗ್ರಾಂಗೆ ವರ್ಷಕ್ಕೆ 120 ಪರಮಾಣುಗಳ ಆಸುಪಾಸು. ಹತ್ತು ಸಾವಿರ ವರ್ಷಕ್ಕೆ 12 ಲಕ್ಷ. ಅನಿಲ ಕಮ್ಮಿಯಿರುವ ಐಸ್‌ಲ್ಯಾಂಡ್ ಹರಳಿಗೆ ಇದು ಸಾಕಷ್ಟು ದೊಡ್ಡದು. ಪರಿಹಾರ ಅದೇ, ಮೆತ್ತಗೆ ಪುಡಿ ಮಾಡಿ ಗುಳ್ಳೆಯ ಅನಿಲ ಮಾತ್ರ ತೆಗೆಯಿರಿ, ಆಮೇಲೆ ಪುಡಿಯನ್ನು ಕರಗಿಸಿ ಹೋಲಿಸಿ. ಕರಗಿಸಿದಾಗ ಅನುಪಾತ ಜಿಗಿದರೆ ಕಿರಣಗಳ ಕೆಲಸ. ತುಂಬಾ ಹೊತ್ತು ಜೋರಾಗಿ ಬಡಿದರೆ ಪುಡಿಯಿಂದಲೂ ಅದು ಹೊರಬರುತ್ತದೆ, ಹುಷಾರು.

ಲಕ್ಷಣ: ಹೀಲಿಯಂ ಪ್ಲೂಮ್ ಅನ್ನುತ್ತದೆ, ನಿಯಾನ್ ಮಾರ್ಬ್ ಅನ್ನುತ್ತದೆ

ಇಲ್ಲಿಗೆ ಬಂದಿದ್ದರೆ ಯಂತ್ರ ಸರಿಯಿದೆ, ಇನ್ನು ಕಲ್ಲಿನ ಮಾತು ಕೇಳಬೇಕು.

ಮೊದಲು ನಿಯಾನ್ ಲೆಕ್ಕದಲ್ಲಿ ಎಷ್ಟು ದೂರ ಜಿಗಿದಿದ್ದೀರಿ ನೋಡಿ. ನಿಯಾನ್-20/ನಿಯಾನ್-22 ಗಾಳಿಯಲ್ಲಿ 9.8, ಮ್ಯಾಂಟಲ್‌ನಲ್ಲಿ 12.5 ಅಂತ ಹಿಡಿದು ನಿಯಾನ್-21/ನಿಯಾನ್-22 ಅನ್ನು ಅಲ್ಲಿಯವರೆಗೆ ಎಳೆಯುತ್ತೇವೆ. ಮಾರ್ಬ್ 0.06, ಲೋಯಿಹಿ ಐಸ್‌ಲ್ಯಾಂಡ್ ತರಹದವು 0.04 ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ. ನಿಮ್ಮ ಅಳತೆ 10.2 ಮತ್ತು 0.0335 ಆಗಿದ್ದರೆ ಉತ್ತರ 0.059, ಶುದ್ಧ ಮಾರ್ಬ್. ಆದರೆ ಎಳೆದ ದೂರ ಏಳು ಪಟ್ಟಿನ ಹತ್ತಿರ. ಅಳತೆಯಲ್ಲಿ 0.001 ತಪ್ಪಿದ್ದರೆ ಉತ್ತರ 0.053ರಿಂದ 0.066ರವರೆಗೆ ಓಡಾಡುತ್ತದೆ. 11.5 ಮುಟ್ಟಿದ ಹಂತಗಳಲ್ಲಿ ಅದೇ ತಪ್ಪು ಒಂದೂವರೆ ಪಟ್ಟಿಗೆ ನಿಲ್ಲುತ್ತದೆ. ನನ್ನ ಮಟ್ಟಿಗೆ 11ಕ್ಕಿಂತ ಕೆಳಗಿನ ಹಂತವೊಂದನ್ನೇ ಹಿಡಿದು ಪ್ಲೂಮ್ ಬಗ್ಗೆ ಮಾತಾಡಬಾರದು.

ಅದೂ ಸರಿಯಿದ್ದರೆ ಬೆರಕೆ ನೋಡಿ. ಐಸ್‌ಲ್ಯಾಂಡಿನ ದಕ್ಷಿಣಕ್ಕಿರುವ ರೇಕ್ಯಾನೆಸ್ ರಿಡ್ಜ್ ಮೇಲೆ ದ್ವೀಪದ ಕಡೆಗೆ ಹೋಗುತ್ತಿದ್ದರೆ ಹೀಲಿಯಂ 8ರ ಕಡೆಯಿಂದ ನಿಧಾನವಾಗಿ ಏರುತ್ತದೆ. ಪ್ಲೂಮ್ ಪದಾರ್ಥ ರಿಡ್ಜ್‌ಗೆ ಹರಿದು ಬೆರೆಯುವಾಗ ಎರಡು ಕಡೆಯ ಹೀಲಿಯಂ-ನಿಯಾನ್ ಪ್ರಮಾಣ ಒಂದೇ ಇರಬೇಕಾಗಿಲ್ಲ. ಒಂದು ಕಡೆ ಅನಿಲ ಮೊದಲೇ ಕಳೆದುಹೋಗಿದ್ದರೆ ಬೆರಕೆಯ ಗೆರೆ ಬಾಗುತ್ತದೆ, ಹೀಲಿಯಂ ಒಂದು ಕಥೆ ಹೇಳಿ ನಿಯಾನ್ ಇನ್ನೊಂದು ಹೇಳುತ್ತದೆ.

ಅನಿಲ ಕಳೆದಿದೆಯೇ ಅಂತ ತಿಳಿಯಲು ಹೀಲಿಯಂ-4 ಅನ್ನು ಗಾಳಿಯ ಪಾಲು ಕಳೆದ ಆರ್ಗಾನ್-40ರಿಂದ ಭಾಗಿಸಿ. ಮ್ಯಾಂಟಲ್‌ನಲ್ಲಿ ಹುಟ್ಟುವ ಪ್ರಮಾಣ 2ರಿಂದ 4. ಪಾಪಿಂಗ್ ರಾಕ್ ಅದರ ಹತ್ತಿರವೇ ಇದೆ. ಬಸಾಲ್ಟ್ ಕರಗಿದ ಸ್ಥಿತಿಯಲ್ಲಿ ಹೀಲಿಯಂ ಆರ್ಗಾನ್‌ಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಕರಗುತ್ತದೆ, ಹಾಗಾಗಿ ಗುಳ್ಳೆ ಹೊರಟುಹೋದರೆ ಹಿಂದೆ ಉಳಿಯೋದು ಹೀಲಿಯಂ. ಉತ್ತರ 20, 50 ಬಂದರೆ ಆ ಮಾದರಿ ಬಹಳ ಅನಿಲ ಕಳೆದುಕೊಂಡಿದೆ. ಅದರ ಐಸೊಟೋಪ್ ಅನುಪಾತ ನಂಬಬಹುದು, ಎಷ್ಟು ಅನಿಲ ಇತ್ತು ಅನ್ನೋ ಲೆಕ್ಕ ನಂಬಬಾರದು.

ಎಲ್ಲಿ ನಿಲ್ಲಿಸಬೇಕು

ಬ್ಲ್ಯಾಂಕ್ ಮಾದರಿಯ ಹತ್ತನೇ ಒಂದು ಭಾಗ ದಾಟಿದರೆ ಆ ಅನಿಲಕ್ಕೆ ಅಲ್ಲಿಗೆ ನಿಲ್ಲಿಸಿ. ಎರಡು ಸಲ ಅಳೆದ ಒಂದೇ ಗಾಜು ಎರಡು ಬೇರೆ ಉತ್ತರ ಕೊಟ್ಟು ಕಾರಣ ತಿಳಿಯದಿದ್ದರೂ ನಿಲ್ಲಿಸಿ. ಮೂರನೇ ತುಂಡು ಹಾಕಬೇಡಿ.

ಕ್ಸೆನಾನ್ ಅಳೆದು ತೀರ್ಮಾನ ಮಾಡೋಣ ಅಂತ ಆಸೆ ಬರುತ್ತದೆ. ಕ್ಸೆನಾನ್-129/ಕ್ಸೆನಾನ್-130 ಗಾಳಿಯಲ್ಲಿ 6.5, ಐಸ್‌ಲ್ಯಾಂಡಿನ ಒಳ್ಳೆಯ ಗಾಜಿನಲ್ಲಿ 7ರ ಹತ್ತಿರ, ಮಾರ್ಬ್‌ನಲ್ಲಿ 7.8ರವರೆಗೆ. ಈ ವ್ಯತ್ಯಾಸ ತಂದ ಅಯೋಡಿನ್-129ರ ಅರ್ಧಾಯುಷ್ಯ ಬರೀ 1.6 ಕೋಟಿ ವರ್ಷ, ಅಂದರೆ ಭೂಮಿ ಹುಟ್ಟಿದ ಹೊಸತರಲ್ಲೇ ಆಗಿಹೋದ ಸಂಗತಿ. ಅದನ್ನು ನೋಡಬೇಕು ಅನ್ನೋ ಆಸೆ ನನಗೂ ಇದೆ. ಆದರೆ ನಿಮ್ಮ ನಿಯಾನ್ ಇನ್ನೂ 10ರಲ್ಲೇ ಇದ್ದರೆ ಕ್ಸೆನಾನ್ ಪೂರ್ತಿ ಗಾಳಿಯದೇ ಬರುತ್ತದೆ. ಅದಕ್ಕೇ ಮೀಸಲಾದ ಬೇರೆ ಲ್ಯಾಬಿನವರನ್ನು ಕೇಳಿ. ಕೇಳುವಾಗ ಮೂರು ವಿಷಯ ಬರೆದು ಕಳಿಸಿ: ಹಂತವಾರು ನಿಯಾನ್, ಅದೇ ದಿನದ ಬ್ಲ್ಯಾಂಕ್, ಗಾಜು ಎಷ್ಟು ಗ್ರಾಂ ಉಳಿದಿದೆ. ಉಳಿದ ಗಾಜನ್ನು ಪುಡಿ ಮಾಡದೆ, ಆದಷ್ಟು ದೊಡ್ಡ ಚೂರುಗಳಾಗಿಯೇ ಡಬ್ಬಿಯಲ್ಲಿಡಿ. ಚೂರು ಚಿಕ್ಕದಾದಷ್ಟೂ ಹೊಸ ಬಿರುಕು, ಪ್ರತಿ ಬಿರುಕಿನಲ್ಲೂ ಲ್ಯಾಬಿನ ಗಾಳಿ.